'ಆಮೇಲೆ' ಅಂದ್ರೆ ಬೀಗ ಬಿದ್ದೀತು!
'ಅಪ್‌ಡೇಟ್ ಮಾಡ್ಲಾ?' ಅಂತ ಕಂಪ್ಯೂಟರ್ ಕೇಳುತ್ತೆ. ನಾವು 'ಆಮೇಲೆ' ಅಂತ ಒತ್ತಿಬಿಡ್ತೀವಿ. ಆ 'ಆಮೇಲೆ'ಯ ಬೆಲೆ ಗೊತ್ತಾ?

2017ರ ಮೇ 12ರಂದು ವಾನ್ನಾಕ್ರೈ ದಾಳಿಯಿಟ್ಟಿತು. ಸುಮಾರು 150 ದೇಶಗಳಲ್ಲಿ ಕಂಪ್ಯೂಟರಿನ ಫೈಲುಗಳಿಗೆ ಬೀಗ ಬಿತ್ತು. ತೆಗೆಯಬೇಕಾದರೆ 300 ಡಾಲರ್ ಕೊಡಿ ಎಂಬ ಬೆದರಿಕೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಆಪರೇಷನ್‌ಗಳೇ ಮುಂದಕ್ಕೆ ಹೋದವು. ಹೆಚ್ಚು ಸಿಕ್ಕಿಬಿದ್ದದ್ದು ವಿಂಡೋಸ್ 7. ವಿಪರ್ಯಾಸ ನೋಡಿ, ಅದರ ಕಿಂಡಿ ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು!

ಹಾಗಾಗಿ ವೀಕ್ಷಕರೇ, ಇವತ್ತೇ ಎರಡು ಕೆಲಸ ಮಾಡಿ. ಅಪ್‌ಡೇಟ್ ಹಾಕಿ. ಮಗಳ ಮದುವೆ ಫೋಟೋ, ಮನೆಯ ದಾಖಲೆಗಳನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ವಯರ್ ತೆಗೆದು ಬೀರುವಿನಲ್ಲಿಡಿ. ಸಿಕ್ಕಿಸಿಯೇ ಬಿಟ್ಟರೆ ಅದಕ್ಕೂ ಬೀಗ ಬಿದ್ದೀತು.