ಒಂದು ಅಚ್ಚಿನಿಂದ ಎಲ್ಲ ಕೌಂಟರಿಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಸ್ಪತ್ರೆ, ಕ್ಲಿನಿಕ್, ಆಫೀಸುಗಳಲ್ಲಿ ದುಡಿಯುವ ನಮ್ಮವರಲ್ಲಿ ಹಲವರ ಮೇಜಿನ ಕಂಪ್ಯೂಟರ್ ಆ ಸುಮಾರಿಗೆ ಬದಲಾಗಿರಬಹುದು. ಐಟಿಯವರು ಒಂದೊಂದರ ಮುಂದೆಯೂ ಕೂತು ಎಲ್ಲವನ್ನೂ ತುಂಬುವುದಿಲ್ಲ. ಒಂದನ್ನು ಬೇಕಾದಂತೆ ಸಿದ್ಧಮಾಡಿ, ಅದರ ಇಮೇಜ್ ತೆಗೆದು, ಉಳಿದವಕ್ಕೆ ಇಳಿಸುತ್ತಾರೆ. ಬೆಲ್ಲದ ಅಚ್ಚಿನ ಹಾಗೆ.

ಫಾರ್ಮಸಿಯವರಾದ ನಮಗೆ ಈ ಕ್ರಮ ಹೊಸದಲ್ಲ. ದೊಡ್ಡ ಡಬ್ಬಿಯ ಮಾತ್ರೆಗಳನ್ನು ಸಣ್ಣ ಪೊಟ್ಟಣಗಳಿಗೆ ತುಂಬುವಾಗ ಲೇಬಲ್ ತಪ್ಪಿದರೆ ನೂರು ಪೊಟ್ಟಣವೂ ತಪ್ಪು. ಅದಕ್ಕೇ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡದೆ ಹೊರಗೆ ಬಿಡುವುದಿಲ್ಲ. ಇಮೇಜಿಗೂ ಆ ಎರಡನೆಯ ಕಣ್ಣು ಬೇಕು. ಅದು ಕೌಂಟರಿನಲ್ಲಿ ನಿಲ್ಲುವವರದ್ದೇ ಆಗಬೇಕು ಎಂಬುದು ನಮ್ಮ ಅಭಿಪ್ರಾಯ.

ವಿಂಡೋಸ್‌ನಲ್ಲೇ ಇರುವ ಸಿಸ್‌ಪ್ರೆಪ್ ಎಂಬ ಸಾಧನ ಮಾದರಿ ಯಂತ್ರದ ಸ್ವಂತ ಗುರುತನ್ನು ಅಳಿಸುತ್ತದೆ. ಇಲ್ಲವಾದರೆ ನಕಲುಗಳೆಲ್ಲ ಒಂದೇ ಭದ್ರತಾ ಸಂಖ್ಯೆ ಹೊತ್ತಿರುತ್ತವೆ. ಅಳಿಸಿದ ಮೇಲೆ ಯಂತ್ರವನ್ನು ಆರಿಸಿ, ಯುಎಸ್‌ಬಿಯಿಂದ ಶುರುಮಾಡಿ ಇಮೇಜ್ ತೆಗೆಯಬೇಕು. ನಡುವೆ ಯಾರಾದರೂ ಅದನ್ನು ಮಾಮೂಲಿನಂತೆ ಆನ್ ಮಾಡಿದರೆ ಹೊಸ ಗುರುತು ಹುಟ್ಟಿಕೊಂಡು ಕೆಲಸ ಮೊದಲಿಗೇ ಬರುತ್ತದೆ. ಹೊಸ ಯಂತ್ರ ಮೊದಲ ಸಲ ಎದ್ದಾಗ ಕೇಳುವ ಭಾಷೆ, ಪ್ರದೇಶ, ಸಮಯದ ಪ್ರಶ್ನೆಗಳಿಗೆ ಉತ್ತರವನ್ನು ಒಂದು ಫೈಲಿನಲ್ಲಿ ಮೊದಲೇ ಬರೆದಿಡುತ್ತಾರೆ.

ನಾವು ನೋಡಬೇಕಾದ್ದು ಆ ಫೈಲಿನ ಫಲವನ್ನು. ಅದರಲ್ಲಿ ‘ಅರೇಬಿಯನ್ ಸ್ಟಾಂಡರ್ಡ್ ಟೈಮ್’ ಎಂದರೆ ಅಬುಧಾಬಿ, ಮಸ್ಕತ್‌ನ ಸಮಯ. ‘ಅರಬ್ ಸ್ಟಾಂಡರ್ಡ್ ಟೈಮ್’ ಎಂದರೆ ಕುವೈತ್, ರಿಯಾದ್‌ನದು. ‘ಅರೇಬಿಕ್’ ಎಂದು ಬರೆದರೆ ಬಾಗ್ದಾದ್! ಹೆಸರಿಟ್ಟವರಿಗೆ ನಮಸ್ಕಾರ. ದುಬೈಯಲ್ಲಿ ‘ಅರಬ್’ ಎಂದು ಬಿದ್ದರೆ ಔಷಧ ಕೊಟ್ಟ ದಾಖಲೆಯೆಲ್ಲ ಒಂದು ಗಂಟೆ ಹಿಂದೆ.

ತಾರೀಖು ಇನ್ನೂ ಅಪಾಯದ್ದು. ಅಮೆರಿಕದ ಪದ್ಧತಿಯಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಏಪ್ರಿಲ್ 27ರಂದು ಮಗುವಿಗೆ ನೀರು ಬೆರೆಸಿ ಕೊಟ್ಟ ಆ್ಯಂಟಿಬಯೋಟಿಕ್ ಸಿರಪ್ಪಿಗೆ 14 ದಿನದ ಗಡುವು ಎಂದುಕೊಳ್ಳಿ. ಲೇಬಲ್ 05/11 ಎನ್ನುತ್ತದೆ. ಅದು ಮೇ 11. ದಿನವನ್ನು ಮೊದಲು ಓದುವ ತಾಯಿಗೆ ಅದು ನವೆಂಬರ್ 5. ಬಾಟಲಿ ಮುಂದಿನ ಜ್ವರಕ್ಕೆಂದು ಫ್ರಿಜ್ಜಿನಲ್ಲೇ ಕೂರುತ್ತದೆ.

ಮಾದರಿ ಯಂತ್ರದಲ್ಲಿ ಇದನ್ನು ಸರಿಪಡಿಸಿದರೆ ಸಾಲದು. ಆ ತಿದ್ದುಪಡಿ ತಿದ್ದಿದ ಖಾತೆಗೆ ಮಾತ್ರ. ಹೊಸಬರು ಲಾಗಿನ್ ಆದರೆ ತಿಂಗಳು ಮತ್ತೆ ಮುಂದೆ ಬರಬಹುದು. ಹಾಗಾಗಿ ಮೊದಲ ನಕಲು ಇಳಿದ ಕೂಡಲೇ, ಉಳಿದವಕ್ಕೆ ಹೋಗುವ ಮುನ್ನ, ಅಡ್ಮಿನ್ ಅಲ್ಲದ ಹೊಸ ಖಾತೆಯಿಂದ ಒಂದು ಲೇಬಲ್ ಮುದ್ರಿಸಿ ನೋಡಬೇಕು. ಲೇಬಲ್ಲಿನ ದಿನ 12ಕ್ಕಿಂತ ಹೆಚ್ಚಿನದಿರಲಿ; 12ರೊಳಗಿನದಾದರೆ ಎರಡು ಪದ್ಧತಿಯೂ ಸರಿಯೆಂಬಂತೆಯೇ ಕಾಣುತ್ತವೆ. ಸಾಫ್ಟ್‌ವೇರ್ ಒಪ್ಪುವುದಾದರೆ ತಿಂಗಳನ್ನು ಅಂಕಿಯ ಬದಲು ಅಕ್ಷರದಲ್ಲಿ ಹಾಕಿಸಿಕೊಳ್ಳಿ.