ಗಣಕಯಂತ್ರಕ್ಕೆ ಹಳೆಯ ‘ನುಡಿ’ ಕೂಡಿಸುವ ಬಗೆ



ಬೆಳೆಹಾನಿಯ ಅರ್ಜಿಯನ್ನಾಗಲಿ, ಕಾಲುವೆ ನೀರಿನ ಮನವಿಯನ್ನಾಗಲಿ ಗಣಕಯಂತ್ರದಲ್ಲಿ ತೆರೆದಾಗ ಕನ್ನಡದ ಬದಲು ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು ಮೂಡಿದ್ದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಯಂತ್ರ ಕೆಟ್ಟಿತೆಂದು ಅದನ್ನು ಶಹಾಪುರಕ್ಕೆ ಹೊತ್ತೊಯ್ಯುವ ಕಾರಣವಿಲ್ಲ. ಬರಹವೂ ಹಾಳಾಗಿರುವುದಿಲ್ಲ.

ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಳೆಯ ಆವೃತ್ತಿಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂಡಿಸಿದ್ದವು. ಬಯಲಾಟದ ಪಾತ್ರಧಾರಿಗೆ ಬಣ್ಣವಿದ್ದಂತೆ ಇವಕ್ಕೆ ‘ಫಾಂಟ್’. ಅದು ಯಂತ್ರದಲ್ಲಿ ಇಲ್ಲದಿದ್ದರೆ ಒಳಗಿನ ಇಂಗ್ಲಿಷ್ ಮುಖವೇ ಕಾಣುತ್ತದೆ. ನುಡಿಯ ಫಾಂಟುಗಳನ್ನು ಕೂಡಿಸಿ, ಬರಹವನ್ನೆಲ್ಲ ಆಯ್ದು ಆ ಫಾಂಟಿಗೆ ಬದಲಿಸಿರಿ. ಕನ್ನಡ ಮರಳಿ ಬರುವುದು.

ತಂತ್ರಾಂಶವನ್ನು ಕೂಡಿಸುವಾಗ ಅದರ ಕಡತದ ಮೇಲೆ ಇಲಿಯ ಬಲಗುಂಡಿ ಒತ್ತಿ, ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಎಂಬುದನ್ನು ಆರಿಸಬೇಕು. ಯಜಮಾನನ ಅಪ್ಪಣೆಯಿಲ್ಲದಿದ್ದರೆ ಯಂತ್ರವು ಫಾಂಟುಗಳನ್ನು ಒಳಗೆ ಬಿಡದೆ ಇರಬಹುದು. ಬಳಿಕ ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿರಿ.

ನುಡಿ ತೆರೆದಿದ್ದರೂ ಇಂಗ್ಲಿಷೇ ಬರುತ್ತಿದ್ದರೆ ‘ಸ್ಕ್ರೋಲ್ ಲಾಕ್’ ಗುಂಡಿ ನೋಡಿರಿ. ಕನ್ನಡ ಇಂಗ್ಲಿಷುಗಳ ನಡುವಿನ ತೂಬು ಅದೇ. ಮಡಿಲ ಗಣಕಗಳಲ್ಲಿ ಈ ಗುಂಡಿ ಅನೇಕ ವೇಳೆ ಇರುವುದಿಲ್ಲ. ಆಗ ವಿಂಡೋಸಿನ ತೆರೆಯ ಮೇಲಿನ ಕೀಲಿಮಣೆಯನ್ನು ತೆರೆದು ಅಲ್ಲಿ ಒತ್ತಬಹುದು. ಅಕ್ಷರಗಳು ಅದಲುಬದಲಾಗುತ್ತಿದ್ದರೆ ವಿಂಡೋಸಿನದೇ ಕನ್ನಡ ಕೀಲಿಮಣೆಯೂ ಜೊತೆಗೆ ಚಾಲೂ ಇದೆಯೆಂದು ತಿಳಿಯಿರಿ. ಒಂದೇ ನೊಗಕ್ಕೆ ಇಬ್ಬರು ಹೂಡುವವರು ಬೇಡ. ಭಾಷೆಯ ಪಟ್ಟಿಯಲ್ಲಿ ಇಂಗ್ಲಿಷ್ ಇಟ್ಟು, ನುಡಿಯೊಂದನ್ನೇ ನಡೆಯಿಸಿರಿ.

ಕೆ.ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸಿದ ಈ ಕೀಲಿಮಣೆ ಕಲಿಯಲು ಸುಲಭ. ಶಿಫ್ಟ್ ಹಿಡಿದು ಎಸ್, ಬಳಿಕ ಐ, ಆರ್, ವಿ, ಶಿಫ್ಟಿನೊಡನೆ ಎ, ಶಿಫ್ಟಿನೊಡನೆ ಎಲ್ ಒತ್ತಿದರೆ ‘ಶಿರವಾಳ’ ಎಂದಾಗುತ್ತದೆ. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕು.

ಇನ್ನು ಮುಖ್ಯ ಸಂಗತಿ. ಅಂತರ್ಜಾಲದ ಅರ್ಜಿಗಳಿಗೆ ಯೂನಿಕೋಡ್ ಕನ್ನಡವೇ ಬೇಕು. ಅದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಖ್ಯೆ. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡವಿತ್ತು. ಹಳೆಯ ನುಡಿಯ ಬರಹವನ್ನು ಅಂತಹ ಅರ್ಜಿಗೆ ಅಂಟಿಸಿದರೆ ನಿಮ್ಮ ಹೆಸರೇ ಗೀಟಿನ ಇಂಗ್ಲಿಷಾಗಿ ಹೋಗಿ ಕೂತೀತು. ಆದಕಾರಣ ಪರಿವರ್ತಕದಿಂದ ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿರಿ. ಮೂಲ ಪ್ರತಿಯನ್ನು ಮಾತ್ರ ಅಳಿಸಬೇಡಿರಿ, ಪರಿವರ್ತನೆಯಲ್ಲಿ ಅರ್ಕಾವತ್ತು ಒಮ್ಮೊಮ್ಮೆ ಸ್ಥಾನ ತಪ್ಪುವುದುಂಟು. ಹೊಸದಾಗಿ ಬರೆಯುವವರು ನುಡಿಯ ಹೊಸ ಆವೃತ್ತಿಯನ್ನೇ ಹಾಕಿಕೊಳ್ಳಲಿ. ಯೂನಿಕೋಡಿನಲ್ಲಿಯೇ ಬರುತ್ತದೆ, ಬೆರಳಿನ ರೂಢಿಯೂ ತಪ್ಪುವುದಿಲ್ಲ.

ಯಾರಿಂದಲೇ ಬರೆಯಿಸಿದರೂ, ಕಳಿಸುವ ಗುಂಡಿ ಒತ್ತುವ ಮೊದಲು ತೆರೆಯ ಮೇಲೆ ನಿಮ್ಮ ಹೆಸರು, ತಂದೆಯ ಹೆಸರು, ಸರ್ವೆ ನಂಬರುಗಳನ್ನು ಓದಿಸಿ ಕೇಳಿರಿ.