ಹಸಿದ ಬಾಸ್‌ಗೆ ಪುರುಸೊತ್ತು ಕೊಡಬಾರದು

ಲಾರ್ಜ್‌ಮೌತ್ ಬಾಸ್ ಎಂಬ ಮೀನು ಬೇಟೆಯನ್ನು ಕಚ್ಚುವುದಕ್ಕಿಂತ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಬಾಯಿಯನ್ನು ಥಟ್ಟನೆ ಅಗಲಿಸಿದರೆ ಒಳಗಿನ ಒತ್ತಡ ಕುಸಿದು, ನೀರಿನ ಜೊತೆಗೇ ಮರಿಮೀನು ಒಳಕ್ಕೆ ನುಗ್ಗುತ್ತದೆ. ನೀರು ಕಿವಿರಿನಿಂದ ಆಚೆ, ಮೀನು ಹೊಟ್ಟೆಗೆ. ಬಾಯಿಗೆ ಬಂದದ್ದು ಹುಸಿಮೀನೆಂದು ಗೊತ್ತಾದರೆ ಅಷ್ಟೇ ಬೇಗ ಉಗುಳಲೂ ಬಲ್ಲದು. ಅಮೆರಿಕದ ಕೆರೆ, ಜಲಾಶಯಗಳಲ್ಲಿ ಲೂರ್ ಎಂಬ ಹುಸಿಮೀನನ್ನು ಎಸೆಯುವವರ ಆಟವೆಲ್ಲ ಈ ಅರೆಕ್ಷಣದೊಳಗೆ ನಡೆಯಬೇಕು.

ಬಾಸ್ ಶೀತರಕ್ತ ಪ್ರಾಣಿ. ನೀರು ಬೆಚ್ಚಗಾದಂತೆ ಅದರ ಹಸಿವೂ ಚುರುಕೂ ಏರುತ್ತವೆ. ಸುಮಾರು 18ರಿಂದ 27 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ, ಅದರಲ್ಲೂ ನಸುಕಿನಲ್ಲಿ, ಮುಸ್ಸಂಜೆಯಲ್ಲಿ, ಮರಿಮೀನುಗಳ ಹಿಂಡಿನ ಮೇಲೆ ಮುಗಿಬೀಳುತ್ತದೆ. ಆಗ ನಿಧಾನದ ಲೂರ್ ಎಳೆಯುತ್ತ ಕೂರುವುದು ಹೊತ್ತು ಹಾಳು ಮಾಡಿದಂತೆ. ಪರೀಕ್ಷಿಸಿ ನೋಡಲು ಮೀನಿಗೆ ನಾವೇ ಅವಕಾಶ ಕೊಟ್ಟಂತೆಯೂ ಹೌದು.

ಇಂಥ ಹೊತ್ತಿಗೆ ನನ್ನ ಆಯ್ಕೆ ಕ್ರ್ಯಾಂಕ್‌ಬೈಟ್. ಮರದ ಅಥವಾ ಪ್ಲಾಸ್ಟಿಕ್ಕಿನ ದುಂಡು ಮೈ, ಮೂತಿಯ ಕೆಳಗೆ ಮುಂದಕ್ಕೆ ಚಾಚಿದ ಒಂದು ತುಟಿ, ಹೊಟ್ಟೆಯಲ್ಲೂ ಬಾಲದಲ್ಲೂ ಮುಕ್ಕೊಕ್ಕೆಯ ಗಾಳ. ದಾರ ಸುತ್ತಿದಾಗ ನೀರು ಆ ತುಟಿಯನ್ನು ಅದುಮಿ ಲೂರನ್ನು ಕೆಳಕ್ಕೆ ಇಳಿಸುತ್ತದೆ; ತುಟಿಯ ಅಂಚಿನಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಜಾರುವ ಸುಳಿಗಳು ಅದರ ಮೈಯನ್ನು ಓಲಾಡಿಸುತ್ತವೆ. ಉದ್ದ ತುಟಿಯದು ಆಳಕ್ಕೆ ಹೋಗುತ್ತದೆ, ಗಿಡ್ಡ ತುಟಿಯದು ಮೇಲೆಯೇ ಓಡುತ್ತದೆ. ಓಲಾಟದ ಅಲೆಗಳನ್ನು ಬಾಸ್ ತನ್ನ ಪಕ್ಕೆಯುದ್ದಕ್ಕೂ ಇರುವ ಪಾರ್ಶ್ವರೇಖೆಯಿಂದ ಗ್ರಹಿಸುತ್ತದೆ. ಅಲ್ಲಿನ ಸಣ್ಣ ರಂಧ್ರಗಳೊಳಗೆ ಲೋಳೆಯ ಟೋಪಿ ತೊಟ್ಟ ರೋಮಕೋಶಗಳಿವೆ. ನೀರು ಅಲುಗಿದರೆ ಅವು ಬಾಗುತ್ತವೆ. ಹಾಗಾಗಿ ಕದಡಿದ ನೀರಿನಲ್ಲೂ ಬೇಟೆ ತಪ್ಪುವುದಿಲ್ಲ. ಮುಳುಗಿದ ಮರದ ಬೊಡ್ಡೆಗೆ ಲೂರ್ ಢಿಕ್ಕಿ ಹೊಡೆದು ದಿಕ್ಕು ತಪ್ಪಿದ ಗಳಿಗೆಯಲ್ಲೇ ಮೀನು ಎರಗುವುದು ಹೆಚ್ಚು. ಬೊಡ್ಡೆಗಳನ್ನು ಕಂಡು ಹೆದರಿ ದೂರ ಎಸೆಯುವವರಿಗೆ ಬುಟ್ಟಿ ಖಾಲಿ.

ಪೊದೆ, ಜೊಂಡು ಇರುವೆಡೆ ತಿರುಗುವ ತಗಡಿನ ಸ್ಪಿನ್ನರ್‌ಬೈಟ್ ವಾಸಿ. ಅದರ ತಗಡು ದುಂಡಗಿದ್ದರೆ ನೀರನ್ನು ಗುದ್ದುತ್ತ ಸುತ್ತುತ್ತದೆ, ರಾಡಿ ನೀರಿಗೆ ಸರಿ. ನೀಳ ಎಲೆಯಂತಿದ್ದರೆ ಬೇಗ ತಿರುಗಿ ಮಿಂಚುತ್ತದೆ, ತಿಳಿನೀರಿಗೆ ಅದು. ಮೇಲ್ಮೈಯಲ್ಲಿ ಗುಳುಗುಳು ಸದ್ದು ಮಾಡುವ ಪಾಪರ್ ನಸುಕಿಗೆ ಚೆನ್ನ. ಆದರೆ ನೀರು ಚಿಮ್ಮಿದ್ದನ್ನು ಕಂಡೊಡನೆ ಕಡ್ಡಿ ಎಳೆಯಬಾರದು, ಭಾರ ಕೈಗೆ ತಾಗಬೇಕು.

ಇನ್ನು ಬಣ್ಣ. ಇದಕ್ಕೆ ಸುರಿಯುವ ದುಡ್ಡಿನಲ್ಲಿ ಅರ್ಧ ದಂಡವೆಂದೇ ನನ್ನ ಅನಿಸಿಕೆ. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಬಾಸ್ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ಎರಡೇ ಬಗೆ. ಒಂದು ಹಸಿರಿಗೆ, ಇನ್ನೊಂದು ಕೆಂಪಿಗೆ. ಹೊಳೆಯುವ ಎಳೆಹಳದಿಗೂ ಬಿಳಿಗೂ, ನೀಲಿಗೂ ಕಪ್ಪಿಗೂ ಅದು ಗೊಂದಲಪಡುತ್ತದೆ. ಬಣ್ಣವಿರಲಿ, ದೊಡ್ಡ ಮೀನಿಗೆ ಲೂರೇ ಬೇಕೆಂದೂ ಇಲ್ಲ. 1932ರ ಜೂನ್ 2ರಂದು ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಹಿಡಿದ 22 ಪೌಂಡ್ 4 ಔನ್ಸ್ ತೂಕದ ದಾಖಲೆಯ ಬಾಸ್ ಎರಗಿದ್ದು ಕ್ರೀಕ್ ಚಬ್ ಕಂಪನಿಯ ಲೂರಿಗೆ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಅದನ್ನು ಸರಿಗಟ್ಟಿದ ಮನಾಬು ಕುರಿಟಾ ಬಳಸಿದ್ದು ಜೀವಂತ ಮೀನನ್ನು. ಲೂರ್ ವ್ಯಾಪಾರಿಗಳಿಗೆ ಇದು ಅಷ್ಟೇನೂ ರುಚಿಸದ ಸಂಗತಿ.

ಹಿಂಬಾಲಿಸಿ ಬಂದ ಮೀನು ದೋಣಿಯ ಹತ್ತಿರ ತಿರುಗಿ ಹೋಗತೊಡಗಿದರೆ ಹಸಿವಿನ ಹೊತ್ತು ಕಳೆಯಿತೆಂದೇ ತಿಳಿಯಬೇಕು. ಆಮೇಲೆ ಕ್ರ್ಯಾಂಕ್‌ಬೈಟ್ ಬಿಚ್ಚಿಟ್ಟು, ಪ್ಲಾಸ್ಟಿಕ್ ಹುಳ ಕಟ್ಟಿ, ತಳದಲ್ಲಿ ಇಂಚಿಂಚು ಎಳೆಯುವ ಕೆಲಸ.